ತಿರುಗದ ಹ್ಯಾಂಡಲ್

ಮಾರ್ಚ್ 9

ಅಕ್ಕಾ,

ಕಾಗದ ಬಂತೆಂದು ಗಾಬರಿಯಾಗಬೇಡ, ಇಬ್ಬರೂ ಗಟ್ಟಿಯಾಗಿದ್ದೇವೆ. ಹೊಳೆ ದಾಟುವಾಗ ನನ್ನ ಫೋನ್ ನೀರಿಗೆ ಬಿತ್ತು. ಇನ್ನೊಂದು ಕೊಳ್ಳೋಣ ಎಂದರೆ ಇವರು, "ಇಬ್ಬರಿಗೆ ಒಂದು ಸಾಕಲ್ವಾ? ಎರಡಾದ್ರೆ ಸುಮ್ನೆ ಭಾರ" ಅಂದರು. ಆ ಒಂದು ಇವರ ಜೇಬಿನಲ್ಲಿರುತ್ತದೆ, ವಿಡಿಯೊ ತೆಗೆಯುವುದಕ್ಕೆ. ಭಾರದ ವಿಷಯದಲ್ಲಿ ಇವರು ಎಷ್ಟು ಬಿಗಿ ಎಂದರೆ ನನ್ನ ಬಾಚಣಿಗೆಯನ್ನು ಅರ್ಧಕ್ಕೆ ಮುರಿದು, ಉಳಿದರ್ಧ ಎಸೆದಿದ್ದಾರೆ. ಹಾಗಾಗಿ ಇನ್ನು ಮೇಲೆ ಕಾಗದವೇ ಗತಿ. ಮುಂದಿನ ಊರುಗಳ ಪಟ್ಟಿ ಕೆಳಗಿದೆ. ಅಲ್ಲಿಯ ದೊಡ್ಡ ಅಂಚೆ ಕಚೇರಿಗೆ ನನ್ನ ಹೆಸರಿಗೆ ಹಾಕಿದರೆ, ನಾನು ಬಂದು ಕೇಳುವವರೆಗೆ ಇಟ್ಟುಕೊಂಡಿರುತ್ತಾರೆ.

ಜೋಡಿ ಸೈಕಲ್ ಹೇಗಿದೆ ಎಂದು ಕೇಳಿದ್ದೆಯಲ್ಲ, ಹೇಳುತ್ತೇನೆ. ಒಂದೇ ಸೈಕಲ್ಲು, ಎರಡು ಸೀಟು. ಮುಂದೆ ಕೂರುವವರಿಗೆ ಕ್ಯಾಪ್ಟನ್ ಅನ್ನುತ್ತಾರೆ. ಬ್ರೇಕು, ಗೇರು, ಗಂಟೆ ಎಲ್ಲ ಅವರ ಕೈಯಲ್ಲಿ. ಎರಡು ಜೊತೆ ಪೆಡಲಿಗೂ ಒಂದೇ ಸರಪಳಿಯ ನಂಟು, ಅವರು ತುಳಿದರೆ ನನ್ನ ಕಾಲೂ ತಿರುಗಲೇಬೇಕು, ನಿಲ್ಲಿಸಿದರೆ ನಿಲ್ಲಲೇಬೇಕು. ನನಗೂ ಒಂದು ಹ್ಯಾಂಡಲ್ ಇದೆ. ಆದರೆ ಅದನ್ನು ಇವರ ಸೀಟಿನ ಕಂಬಕ್ಕೆ ಬಿಗಿದಿದ್ದಾರೆ, ತಿರುಗುವುದಿಲ್ಲ. ಹಿಡಿದುಕೊಳ್ಳುವುದಕ್ಕೆ ಮಾತ್ರ. ಮೊದಲ ದಿನ ತಿರುವು ಬಂದಾಗಲೆಲ್ಲ ಅಭ್ಯಾಸಬಲದಿಂದ ತಿರುಗಿಸಲು ಹೋಗಿ ನಾನೇ ನಕ್ಕೆ.

ಹಿಂದೆ ಕೂತವಳಿಗೆ ಕಾಣುವುದು ಬೆನ್ನು. ಬೆಟ್ಟ ಬಂದರೂ ಬೆನ್ನು, ನದಿ ಬಂದರೂ ಬೆನ್ನು. ಬೆವರು ಒಣಗಿ ಅಂಗಿಯ ಮೇಲೆ ಉಪ್ಪಿನ ಗೆರೆ ಮೂಡುತ್ತದೆ, ಅದನ್ನೇ ನೋಡುತ್ತ ಹೋಗುತ್ತೇನೆ.

ನನ್ನ ಹಿಂದೆ ಬೋರ್ಡು ಕಟ್ಟಿದ್ದಾರೆ: 'ಸಮುದ್ರದಿಂದ ಸಮುದ್ರಕ್ಕೆ, ಒಂದು ತೊಟ್ಟು ಹಾಲಿಲ್ಲದೆ'. ಅದರ ಕೆಳಗೆ ದಿನಾ ಸಂಜೆ ಕಿಲೋಮೀಟರ್ ಅಳಿಸಿ ಹೊಸದು ಬರೆಯುತ್ತಾರೆ. ಊಟದ ಹೊತ್ತಿಗೆ ಇವರು ಸೈಕಲ್ ಕಾಯುತ್ತಾರೆ, ನಾನು ಹೋಟೆಲಿನ ಅಡುಗೆಮನೆಗೆ ಹೋಗಿ ವಿಚಾರಣೆ ಮಾಡಬೇಕು. "ಹಾಲು ಹಾಕಿದೀರಾ? ಬೆಣ್ಣೆ? ಮೊಸರು? ಮೊಟ್ಟೆ? ಜೇನುತುಪ್ಪ?" ನಿನ್ನೆ ಒಬ್ಬ ಅಡುಗೆಯವನು ಸೌಟು ಕೆಳಗಿಟ್ಟು, "ನೀರು ಹಾಕಬಹುದಾ ತಾಯಿ, ಅದಕ್ಕೇನೂ ಅಡ್ಡಿ ಇಲ್ವಲ್ಲ?" ಅಂದ. ನಾನು ವೀಗನ್ ಆಗಿ ಇಷ್ಟು ವರ್ಷವಾದರೂ ಊಟ ಇಷ್ಟು ಕಷ್ಟ ಅನ್ನಿಸಿರಲಿಲ್ಲ. ಬೇಯಿಸಿದ ಆಲೂಗಡ್ಡೆ, ಬಾಳೆಹಣ್ಣು, ಕಡಲೆಬೀಜ, ಮತ್ತೆ ಅದೇ ಆಲೂಗಡ್ಡೆ.

ನಿನ್ನ ಕೈಯ ಗಟ್ಟಿ ಬಿಸ್ಕತ್ತು ಮಾಡಿ ಕಳಿಸುತ್ತೀಯಾ? ಹಾಲು ಬೆಣ್ಣೆ ಇಲ್ಲದ್ದು. ಅಮ್ಮನ ಕಣ್ಣಿಗೆ ಔಷಧಿ ಬಿಡುವುದು ಮರೆಯಬೇಡ.

ನಿನ್ನ
ಕಡ್ಡಿ

ಏಪ್ರಿಲ್ 2

ಕಡ್ಡೀ,

ನಿನ್ನ ಕಾಗದವನ್ನು ಅಮ್ಮನಿಗೆ ಓದಿ ಹೇಳಿದೆ. ಬಾಚಣಿಗೆಯ ಕಥೆಗೆ ಅವಳು ನಗಲಿಲ್ಲ, ನಾನೂ ನಗಲಿಲ್ಲ. ತಲೆ ಒಂದೇ ಇದ್ದರೂ ಬಾಚಣಿಗೆ ಪೂರ್ತಿ ಬೇಕಾಗುತ್ತದೆ ಎಂದು ನಿನ್ನ ಕ್ಯಾಪ್ಟನ್ ಸಾಹೇಬರಿಗೆ ತಿಳಿಸು.

ಬಿಸ್ಕತ್ತು ಕಳಿಸಿದ್ದೇನೆ. ಓಟ್ಸ್, ಖರ್ಜೂರ, ಕಡಲೆಬೀಜದ ಪುಡಿ, ಎಣ್ಣೆ, ಚಿಟಿಕೆ ಉಪ್ಪು, ಅಷ್ಟೇ. ನಿನ್ನದಕ್ಕೆಂದೇ ಬೇರೆ ಬೋಗುಣಿ, ಬೇರೆ ಸೌಟು ಇಟ್ಟಿದ್ದೇನೆ. ಬೇಕರಿಯ ಬೆಣ್ಣೆಯ ಡಬ್ಬ ಆ ಕಡೆ ಗೋಡೆಗೆ, ನಿನ್ನ ಹಿಟ್ಟು ಈ ಕಡೆ ಕಿಟಕಿಗೆ. ಮಡಿ ಅಂದರೆ ಮಡಿ. ತಿಂದು ಹಲ್ಲು ಮುರಿದರೆ ನನ್ನನ್ನು ಕೇಳಬೇಡ, ನೀನೇ ಗಟ್ಟಿ ಬೇಕೆಂದದ್ದು.

ಇಲ್ಲಿ ಎಲ್ಲ ಹಾಗೇ ಇದೆ. ಅಪ್ಪ ಹೋದ ಮೇಲೆ ಭಟ್ಟಿ ನನ್ನ ಕುತ್ತಿಗೆಗೆ ಬಿತ್ತಲ್ಲ, ಇನ್ನೂ ಇಳಿದಿಲ್ಲ. ಒಂದು ದಿನ ಆರಿಸಿದರೆ ಮತ್ತೆ ಕಾಯಿಸಲು ಎರಡು ದಿನ ಬೇಕು, ಅದಕ್ಕೇ ಆರಿಸುವ ಹಾಗಿಲ್ಲ, ನಾನು ಎಲ್ಲಿಗೂ ಹೋಗುವ ಹಾಗಿಲ್ಲ. ಅಮ್ಮನಿಗೆ ಕಣ್ಣು ಮಂಜಾದರೂ ಸುಮ್ಮನೆ ಕೂರುವ ಜನ್ಮವಲ್ಲ. ನಾನು ಏಳುವ ಹೊತ್ತಿಗೆ ಟ್ರೇಗಳನ್ನೆಲ್ಲ ಸಿದ್ಧ ಮಾಡಿ ಸಾಲಾಗಿ ಜೋಡಿಸಿರುತ್ತಾಳೆ. "ಇನ್ನಾದ್ರೂ ಮಲಗಮ್ಮ" ಅಂದರೆ, "ಮಲಗೋದು ಇದ್ದೇ ಇದೆ, ಒಂದೇ ಸಲ ಮಲಗ್ತೀನಿ" ಅನ್ನುತ್ತಾಳೆ. ಏನು ಹೇಳುವುದು ಅವಳಿಗೆ!

ನಿನ್ನ ಕಾಗದದಲ್ಲಿ ಬೆನ್ನಿದೆ, ಬೋರ್ಡಿದೆ, ಆಲೂಗಡ್ಡೆ ಇದೆ. ನೀನು ಹೇಗಿದ್ದೀಯ ಎಂಬುದು ಎಲ್ಲೂ ಇಲ್ಲ. ಮುಂದಿನ ಸಲ ಅದನ್ನು ಬರಿ.

ನಿನ್ನ ಅಕ್ಕ

ಜೂನ್ 14

ಅಕ್ಕಾ,

ಎರಡು ಡಬ್ಬ ಬಿಸ್ಕತ್ತು ಬೇರೆ ಬೇರೆ ಊರಿನಲ್ಲಿ ಸಿಕ್ಕವು. ಏನು ರುಚಿಯೇ! ಇವರಿಗೂ ಎಷ್ಟು ಹಿಡಿಸಿತೆಂದರೆ ವಿಡಿಯೊದಲ್ಲಿ ಹೊಗಳಿದ್ದಾರೆ: "ನೋಡಿ, ಬೆಣ್ಣೆ ಬೇಕೇ ಬೇಕು ಅನ್ನೋರು ಇದನ್ನ ತಿಂದು ನೋಡಿ". ನಾನು ದಿನಕ್ಕೆ ಎರಡು ತಿನ್ನುತ್ತೇನೆ, ಎರಡನೆಯದನ್ನು ಸೈಕಲ್ ಮೇಲೆ ಕೂತೇ ಬಾಯಲ್ಲಿ ಕರಗುವ ತನಕ ಇಟ್ಟುಕೊಳ್ಳುತ್ತೇನೆ.

ಹೇಗಿದ್ದೀಯ ಎಂದು ಕೇಳಿದೆಯಲ್ಲ. ಕೂದಲು ಉದುರುತ್ತಿದೆ, ಅರ್ಧ ಬಾಚಣಿಗೆಯೇ ಈಗ ಹೆಚ್ಚಾಯಿತು. ಎಡ ಮಂಡಿ ನೋವು. ನೋವು ಬಂದಾಗ ಪೆಡಲು ಬಿಡೋಣ ಎಂದರೆ ಬಿಡುವ ಹಾಗಿಲ್ಲ, ಅದು ತಾನೇ ತಿರುಗಿ ಕಾಲನ್ನು ಎಳೆದುಕೊಂಡು ಹೋಗುತ್ತದೆ. ಒಂದು ದಿನವಾದರೂ ಮುಂದೆ ಕೂರುತ್ತೇನೆ ಎಂದು ಕೇಳಿದೆ. "ನಿಂಗೆ ಬ್ಯಾಲೆನ್ಸ್ ಬರಲ್ಲ" ಅಂದರು. ಹತ್ತನೇ ವಯಸ್ಸಿಗೆ ತಲೆಯ ಮೇಲೆ ಬ್ರೆಡ್ಡಿನ ಟ್ರೇ ಇಟ್ಟುಕೊಂಡು ಒಂದು ಕೈಯಲ್ಲಿ ಸೈಕಲ್ ಹೊಡೆದವಳಿಗೆ ಬ್ಯಾಲೆನ್ಸ್ ಬರುವುದಿಲ್ಲವಂತೆ.

ಹೋದ ವಾರ ಲಾರಿಗಳು ನಿಲ್ಲುವ ಕಡೆ ಒಂದು ಸಣ್ಣ ಹೋಟೆಲಿಗೆ ಹೋದೆವು. ಅಡುಗೆಗೆ, ಬಡಿಸುವುದಕ್ಕೆ, ಪಾತ್ರೆ ತೊಳೆಯುವುದಕ್ಕೆ ಎಲ್ಲ ಒಬ್ಬಳೇ ಹೆಂಗಸು. ನಾನು ಒಳಗೆ ಹೋಗಿ ಪಾಠ ಒಪ್ಪಿಸಿದೆ. ಅವಳು ಕೇಳಿಸಿಕೊಂಡಳು, ತಲೆಯಾಡಿಸಿದಳು, ಆದರೆ ಕಣ್ಣು ನನ್ನ ಕೈಯ ಮೂಳೆಯ ಮೇಲೆಯೇ ಇತ್ತು. ಬೇಯಿಸಿದ ಕಾಳಿನ ಮೇಲೆ ಕಡೆಗೆ ಒಂದು ಚೂರು ಬೆಣ್ಣೆ ಬಿಟ್ಟಿದ್ದಾಳೆ. ಇವರು ತಟ್ಟೆಯ ಹೊಳಪು ನೋಡಿ ಹಿಡಿದರು. ಫೋನ್ ತೆಗೆದು ಅವಳ ಮುಖಕ್ಕೇ ಹಿಡಿದು, "ಇದು ಮೋಸ ಅಲ್ವಾ? ಹೇಳ್ರೀ, ಮೋಸ ಅಲ್ವಾ?" ಎಂದು ಕೇಳಿದ್ದೇ ಕೇಳಿದ್ದು. "ಮಗು ಸೊರಗಿದೆ ಅಂತ ಹಾಕಿದೆ ಸ್ವಾಮಿ" ಎಂದು ಅವಳು ಅತ್ತಳು. ಲಾರಿಯವರೆಲ್ಲ ಊಟ ಬಿಟ್ಟು ನೋಡುತ್ತಿದ್ದರು. ಆ ವಿಡಿಯೊವನ್ನು ನಮ್ಮ ಬೇರೆಲ್ಲ ವಿಡಿಯೊಗಳಿಗಿಂತ ಹೆಚ್ಚು ಜನ ನೋಡಿದ್ದಾರಂತೆ.

ಕೈಗವಸು ಮರೆತೆನೆಂದು ಸುಳ್ಳು ಹೇಳಿ ನಾನು ವಾಪಸ್ಸು ಒಳಗೆ ಹೋದೆ. ಕ್ಷಮೆ ಕೇಳಿದೆ. ಅವಳು ಮೂಗೊರೆಸಿಕೊಂಡು, "ನೀನ್ಯಾಕಮ್ಮ ಕೇಳ್ತೀಯ? ನಾನು ಮಾಡಿದ್ದು ತಪ್ಪೇ, ಬೇಡ ಅಂದದ್ದನ್ನ ಹಾಕಬಾರದಿತ್ತು. ಆದರೆ ನಿಂಗೆ ಹಸಿವಾಗಿದ್ಯಾ ಅಂತ ಅವರು ಯಾವತ್ತಾದ್ರೂ ಕೇಳ್ತಾರಾ?" ಅಂದಳು.

ಇನ್ನೊಂದು ವಿಷಯ. ಇವರು ಊರೂರಲ್ಲಿ ಶಾಲೆ ಕಾಲೇಜುಗಳಲ್ಲಿ ಭಾಷಣ ಮಾಡುತ್ತಾರೆ. ಪರದೆಯ ಮೇಲೆ ಚಿತ್ರ ಬದಲಿಸುವ ಗುಂಡಿ ನನ್ನ ಕೈಯಲ್ಲಿ. ನಿನ್ನೆ ಕೇಳುತ್ತಿದ್ದೇನೆ, ನಮ್ಮ ಬೇಕರಿಯ ಹಿತ್ತಲ ಗೋಡೆಯ ಆಚೆಗಿದ್ದ ಹಾಲಿನವನ ಹಸುವಿನ ಕಥೆ ಹೇಳುತ್ತಿದ್ದಾರೆ. ಕರು ಎಲ್ಲಿ ಎಂದು ಕೇಳಿದ್ದು, ಹಾಲಿನವನು "ಗಂಡು ಕರು, ಕಳಿಸಿಬಿಟ್ಟೆ" ಅಂದದ್ದು, ಹಸು ಮೇವು ಮುಟ್ಟದೆ ಗೇಟಿನ ಕಡೆಯೇ ನೋಡುತ್ತಿದ್ದದ್ದು. ಎಲ್ಲ ಸರಿಯಾಗಿ ಹೇಳಿದರು. ಆದರೆ "ಆಗ ನಾನು ಹದಿನಾಲ್ಕು ವರ್ಷದ ಹುಡುಗ" ಎಂದರು. ನಾನು ಗುಂಡಿ ಒತ್ತಿದೆ, ಮುಂದಿನ ಚಿತ್ರ ಬಂತು.

ಹೋಗಲಿ ಬಿಡು. ಆ ಸಮುದ್ರ ಮುಟ್ಟಿದರೆ ಮುಗಿಯಿತು. ಅಲ್ಲಿ ಇಳಿದ ಮೇಲೆ ನಾನು ಮತ್ತೆ ಹತ್ತುವುದಿಲ್ಲ. ಅಷ್ಟನ್ನು ಮನಸ್ಸಿನಲ್ಲಿ ಇಟ್ಟುಕೊಂಡು ತುಳಿಯುತ್ತಿದ್ದೇನೆ.

ನಿನ್ನ
ಕಡ್ಡಿ

ಜುಲೈ 3

ಕಡ್ಡೀ,

ಇಳಿ. ಸಮುದ್ರದ ತನಕ ಯಾಕೆ ಕಾಯುತ್ತೀಯ? ಈ ಕಾಗದ ಎಲ್ಲಿ ಸಿಗುತ್ತದೋ ಅಲ್ಲೇ ಇಳಿದುಬಿಡು.

ಆ ಹಸು ನಿನ್ನದು. ನಾನು ಸಾಕ್ಷಿ. ಹಾಲಿನ ಕ್ಯಾನು ಹಿಡಿದುಕೊಂಡು ಗೋಡೆಯ ಹತ್ತಿರ ನಿಂತವಳು ನೀನು, ಖಾಲಿ ಕ್ಯಾನು ತಂದದ್ದಕ್ಕೆ ಅಪ್ಪನಿಂದ ಬೈಸಿಕೊಂಡವಳು ನೀನು, ಅವತ್ತಿನಿಂದ ಬರೀ ನೀರಿಗೆ ಅದ್ದಿ ಬ್ರೆಡ್ಡು ತಿಂದವಳು ನೀನು. ಮದುವೆಗೆ ಮುಂಚೆ ನಿನ್ನ ಗಂಡ ನಮ್ಮ ಬೇಕರಿಗೆ ಬಂದು ಒಂದೇ ಸಲ ನಾಲ್ಕು ಕ್ರೀಮ್ ಬನ್ನು ತಿಂದದ್ದನ್ನು ನಾನು ಮರೆತಿಲ್ಲ. ಮನುಷ್ಯ ಬದಲಾಗಬಾರದೆಂದಲ್ಲ, ಬದಲಾಗಲಿ. ಇನ್ನೊಬ್ಬರ ಎದೆಯೊಳಗೆ ಕೈ ಹಾಕಿ ಅವರದನ್ನು ಎತ್ತಿಕೊಂಡು ಹೋಗಬಾರದು, ಅಷ್ಟೇ.

ಎತ್ತಿನ ಮೇಲೆ, ಕರುವಿನ ಮೇಲೆ, ಜೇನುನೊಣದ ಮೇಲೆ ಎಲ್ಲ ಕರುಣೆ ಇದೆ ಅವನಿಗೆ. ಬೆನ್ನ ಹಿಂದೆ ಒಂದು ಗಾಣದೆತ್ತು ಮಂಡಿನೋವಿನಲ್ಲಿ ತಿರುಗುತ್ತಿದೆಯಲ್ಲ, ಅದು ಕಾಣುವುದಿಲ್ಲವೇ? ಹಿಂತಿರುಗಿ ನೋಡಿದರೆ ತಾನೇ ಕಾಣುವುದು.

ನಾನೇ ಬಂದು ಕರೆದುಕೊಂಡು ಬರೋಣ ಎಂದರೆ ಭಟ್ಟಿ ಯಾರ ಕೈಗೆ ಕೊಡಲಿ, ಅಮ್ಮನನ್ನು ಯಾರ ಹತ್ತಿರ ಬಿಡಲಿ? ಸಿಟ್ಟಿಗೆ ನಿನ್ನೆ ಎರಡು ಸಾಲು ಬನ್ನು ಸೀದುಹೋಯಿತು.

ನಿನ್ನ ಅಕ್ಕ

ಆಗಸ್ಟ್ 20

ಪ್ರೀತಿಯ ಅಕ್ಕನವರಿಗೆ ನಮಸ್ಕಾರಗಳು.

ನಾವಿಬ್ಬರೂ ಇಲ್ಲಿ ಕ್ಷೇಮವಾಗಿದ್ದೇವೆ. ತಾವು ಬರೆದ ಪತ್ರವನ್ನು ಇಬ್ಬರೂ ಓದಿದೆವು. ಪ್ರಯಾಣದ ಆಯಾಸದಲ್ಲಿ ನಾನು ಹಿಂದೆ ಏನೇನೋ ಬರೆದಿದ್ದರೆ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬಾರದಾಗಿ ವಿನಂತಿ. ಇವರು ನನ್ನ ಆರೋಗ್ಯವನ್ನು ಚೆನ್ನಾಗಿ ನೋಡಿಕೊಳ್ಳುತ್ತಿದ್ದಾರೆ. ಮುಂದೆ ನಮ್ಮಿಬ್ಬರ ಹೆಸರಿಗೂ ಸೇರಿಸಿ ಪತ್ರ ಬರೆದರೆ ಸಂತೋಷ. ಬಿಸ್ಕತ್ತು ಬಹಳ ರುಚಿಯಾಗಿದ್ದವು, ಇನ್ನೊಂದು ಡಬ್ಬ ಕಳಿಸಬೇಕೆಂದು ಇವರೂ ಹೇಳಿದ್ದಾರೆ. ಅಮ್ಮನಿಗೆ ನಮಸ್ಕಾರ.

ಇಂತಿ,
ತಮ್ಮ ತಂಗಿ

(ಇದನ್ನು ಕೌಂಟರಿನಲ್ಲಿ ಅಂಟಿಸುವ ಮುಂಚೆ ಸೇರಿಸುತ್ತಿದ್ದೇನೆ. ಅಕ್ಕಾ, ಡಬ್ಬದ ತಳದಲ್ಲಿ ಹಾಸುವ ಕಾಗದದ ಅಡಿಗೆ ಬರಿ. ಡಬ್ಬ ತೊಳೆಯುವವಳು ನಾನೇ. ಕ.)

ಸೆಪ್ಟೆಂಬರ್ 11

ಕಡ್ಡೀ,

'ಅಕ್ಕನವರಿಗೆ' ಅಂತೆ! 'ತಾವು' ಅಂತೆ! ಕೆಳಗಿನ ಆ ಎರಡು ಸಾಲು ಇಲ್ಲದಿದ್ದರೆ ಭಟ್ಟಿಗೆ ನೀರು ಸುರಿದು ಹೊರಟುಬಿಡುತ್ತಿದ್ದೆ.

ಈಗ ಹೇಳುವುದನ್ನು ಕೂತುಕೊಂಡು ಓದು. ನಿನಗೆ ಉದ್ದದೊಂದು ಕಾಗದ ಬರೆದು, ಡಬ್ಬದ ತಳಕ್ಕೆ ಹಾಕಿ, ಮೇಲೆ ಹಾಸು ಕಾಗದ ಹಾಕಿ, ಬಿಸ್ಕತ್ತು ತುಂಬಿದೆ. ಆಮೇಲೆ ಏನೋ ಸೇರಿಸಬೇಕೆನಿಸಿ ಎಲ್ಲ ತೆಗೆದರೆ ಕಾಗದದ ಮೇಲೆ ದುಂಡು ದುಂಡು ಕಲೆ. ಎಣ್ಣೆ ಇರಬೇಕೆಂದು ಉಗುರಿನಿಂದ ಕೆರೆದೆ. ಎಣ್ಣೆ ಉಗುರಿಗೆ ಸಿಗುವುದಿಲ್ಲ. ಇದು ಸಿಕ್ಕಿತು, ಆರಿ ಹೆಪ್ಪುಗಟ್ಟಿತ್ತು. ಮೂಸಿ ನೋಡಿದೆ. ಬೇಕರಿಯಲ್ಲಿ ಹುಟ್ಟಿದವಳಿಗೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ, ಬೆಣ್ಣೆ.

ನನ್ನ ಬೋಗುಣಿ ಬೇರೆ, ಸೌಟು ಬೇರೆ, ಕಿಟಕಿ ಬೇರೆ. ಆದರೆ ಟ್ರೇ? ಅಮ್ಮ ದಿನಾ ನಾನು ಏಳುವ ಮುಂಚೆ ಎಲ್ಲ ಟ್ರೇಗೂ ಬೆಣ್ಣೆ ಸವರಿ ಜೋಡಿಸಿರುತ್ತಾಳೆ. ಮದುವೆಯಾಗಿ ಈ ಮನೆಗೆ ಬಂದ ಮಾರನೇ ದಿನದಿಂದ ಅದೇ ಕೆಲಸ. ಆ ಟ್ರೇಯ ಮೇಲೆಯೇ ನಿನ್ನ ಮಡಿ ಬಿಸ್ಕತ್ತು ಒತ್ತಿ ಬೇಯಿಸಿದ್ದೇನೆ, ಮೊದಲ ಡಬ್ಬದಿಂದಲೂ. ಹಿಟ್ಟು ನೋಡಿದ ಕಣ್ಣು ಟ್ರೇ ನೋಡಲಿಲ್ಲ. ಟ್ರೇ ಅಂದ ಮೇಲೆ ಬೆಣ್ಣೆ ಇದ್ದೇ ಇರುತ್ತದೆ, ನಮ್ಮ ಮನೆಯಲ್ಲಿ ಅದನ್ನು ಬೆಣ್ಣೆ ಎಂದು ಯಾರೂ ಎಣಿಸುವುದೇ ಇಲ್ಲ.

ಅಮ್ಮನನ್ನು ಕೇಳಿದೆ. ಅವಳು ಕಕ್ಕಾಬಿಕ್ಕಿಯಾಗಿ, "ನಾನು ಟ್ರೇಗೆ ತಾನೇ ಹಚ್ಚಿದ್ದು? ಬಿಸ್ಕತ್ತಿಗೆ ಎಲ್ಲಿ ಹಚ್ಚಿದೆ?" ಅಂದಳು. ನಗಲೋ ಅಳಲೋ ತಿಳಿಯಲಿಲ್ಲ. ಆಮೇಲೆ ಅರ್ಥವಾಗಿ, ಮಧ್ಯಾಹ್ನದ ಊಟ ಮಾಡಲಿಲ್ಲ. "ಮಗು ಅಷ್ಟು ವರ್ಷ ಹಿಡಿದ ಹಟ ನನ್ನ ಕೈಯಿಂದ ಕೆಟ್ಟುಹೋಯ್ತು" ಅನ್ನುತ್ತಾಳೆ.

ನಿನ್ನ ಗಂಡನಿಗಾಗಿ ನನಗೆ ಎಳ್ಳಷ್ಟೂ ಬೇಸರವಿಲ್ಲ. ನಿನಗಾಗಿ ಇದೆ. ಇದನ್ನು ನಿನ್ನಿಂದ ಮುಚ್ಚಿಟ್ಟರೆ ನಾನು ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕಾಗುತ್ತೇನೆ. ನೀನು ಅವನಿಗೆ ಹೇಳುವುದು ಬಿಡುವುದು ನಿನಗೆ ಬಿಟ್ಟದ್ದು. ಸಮುದ್ರ ಹತ್ತಿರದಲ್ಲಿದೆ. ನಿನ್ನ ಬಾಯಿಗೆ ಬಿಸಿ ತುಪ್ಪ ಇಟ್ಟಿದ್ದೇನೆ, ಉಗುಳುವುದೂ ಕಷ್ಟ, ನುಂಗುವುದೂ ಕಷ್ಟ ಎಂದು ಗೊತ್ತು. ಈ ಡಬ್ಬದ್ದು ಮಾತ್ರ ಹೊಸ ಟ್ರೇ, ಹೊಸ ಎಣ್ಣೆ. ಅಮ್ಮನನ್ನು ಆ ಕಡೆ ಬಿಡಲೇ ಇಲ್ಲ.

ನಿನ್ನ ಅಕ್ಕ

ಅಕ್ಟೋಬರ್ 17

ಅಕ್ಕಾ,

ನಿನ್ನ ಕಾಗದವನ್ನು ಒಂದು ಬಚ್ಚಲಿನಲ್ಲಿ ಚಿಲಕ ಹಾಕಿಕೊಂಡು ಓದಿದೆ. ಅಸಹ್ಯವಾದೀತು ಎಂದುಕೊಂಡೆ, ಆಗಲಿಲ್ಲ. ಅಳು ಬಂತು. ಇಷ್ಟು ತಿಂಗಳಲ್ಲಿ ನನಗೆ ರುಚಿ ಎಂದು ಸಿಕ್ಕದ್ದು ಅದೊಂದೇ, ಅದು ಅಮ್ಮನ ಕೈಯ ಬೆಣ್ಣೆಯದು. ಆ ಹಸುವಿನ ಮುಖ ನೆನಪಿಗೆ ಬಂದು ಬೇಸರವೂ ಆಯಿತು. ಎರಡೂ ನಿಜ. ಇನ್ನು ಮುಂದೆ ತಿನ್ನುವುದಿಲ್ಲ, ಆದರೆ ತಿಂದದ್ದಕ್ಕೆ ಅಮ್ಮನ ಮೇಲೆ ನನಗೆ ಕೋಪವಿಲ್ಲ. ಅವಳಿಗೆ ಊಟ ಮಾಡಲು ಹೇಳು.

ಇವರಿಗೆ ಹೇಳಬಾರದೆಂದೇ ತೀರ್ಮಾನಿಸಿದೆ. ಇನ್ನು ಉಳಿದದ್ದು ಎರಡು ದಿನದ ದಾರಿ. ಬಾಯಿ ಮುಚ್ಚಿಕೊಂಡು ತುಳಿದರೆ ಸಮುದ್ರ, ಆಮೇಲೆ ಬಿಡುಗಡೆ. ಎಂಟು ತಿಂಗಳು ಮುಚ್ಚಿಕೊಂಡ ಬಾಯಿಗೆ ಇನ್ನೆರಡು ದಿನ ಯಾವ ಲೆಕ್ಕ?

ಆದರೆ ಅವತ್ತು ಸಂಜೆ ಕೊನೆಯ ಭಾಷಣ ಇತ್ತು. ಇವರು ಲಾರಿ ಹೋಟೆಲಿನ ಹೆಂಗಸಿನ ವಿಡಿಯೊ ಹಾಕಿಸಿದರು. ಗುಂಡಿ ಒತ್ತಿದವಳು ನಾನೇ. ಪರದೆಯ ಮೇಲೆ ಅವಳು ಸೆರಗಿನಿಂದ ಮೂಗೊರೆಸಿಕೊಂಡಳು, ಇವರು ಅವಳ ಧ್ವನಿಯನ್ನೇ ಅಣಕಿಸಿ, "ಮಗು ಸೊರಗಿದೆ ಸ್ವಾಮಿ" ಅಂದರು. ಸಭೆಯೆಲ್ಲ ನಕ್ಕಿತು. "ಇಂಥ ಮೋಸಗಾರರ ನಡುವೆಯೂ ಒಂದು ತೊಟ್ಟು ನಮ್ಮ ಬಾಯಿಗೆ ಹೋಗಿಲ್ಲ" ಎಂದು ಎದೆ ತಟ್ಟಿಕೊಂಡರು. ನನಗೆ ಮೈಯೆಲ್ಲ ಉರಿದುಹೋಯಿತು. ಆ ಹೆಂಗಸೂ ನಮ್ಮಮ್ಮನೂ ಬೇರೆಯಲ್ಲ ಅನ್ನಿಸಿತು.

ಮರುದಿನವೆಲ್ಲ ತುಳಿದೆವು. ಅದರ ಮಾರನೇ ಬೆಳಿಗ್ಗೆ ಹೊರಟು, ಒಂದು ಏರು ಹತ್ತಿ ಇಳಿಜಾರಿಗೆ ಬಂದಾಗ ಗಾಳಿಯಲ್ಲಿ ಉಪ್ಪಿನ ವಾಸನೆ ಬಂತು. ಇವರು ನೀರು ಕುಡಿಯಲು ನಿಲ್ಲಿಸಿದರು. ಅಲ್ಲಿ ಹೇಳಿಬಿಟ್ಟೆ. "ಬಿಸ್ಕತ್ತಿನಲ್ಲಿ ಬೆಣ್ಣೆ ಇತ್ತು. ಟ್ರೇಗೆ ಸವರಿದ್ದು. ಅಮ್ಮಂಗೆ ಗೊತ್ತಾಗಿಲ್ಲ. ಏಪ್ರಿಲಿಂದ ತಿಂದಿದೀವಿ, ಇಬ್ಬರೂ."

ಕೂಗಾಡುತ್ತಾರೆಂದು ಕಾದೆ. ಕೂಗಾಡಲಿಲ್ಲ. ಚೀಲದಿಂದ ಬಟ್ಟೆ ತೆಗೆದು, ಬೋರ್ಡಿನ ಮೇಲಿನ ಅಂಕಿಯನ್ನು ಉಜ್ಜಿ ಉಜ್ಜಿ ಅಳಿಸಿ, ಅಲ್ಲಿ ಒಂದು ಸೊನ್ನೆ ಬರೆದರು. ಸೈಕಲ್ಲನ್ನು ಎತ್ತಿ, ಬಂದ ದಾರಿಯ ಕಡೆಗೆ ಮುಖ ಮಾಡಿ ನಿಲ್ಲಿಸಿದರು.

"ಮೊದಲಿಂದ ಶುರು" ಅಂದರು. "ಆ ಸಮುದ್ರಕ್ಕೆ ವಾಪಸ್ಸು ಹೋಗಿ, ಅಲ್ಲಿಂದ ಮತ್ತೆ. ಹತ್ತು."

"ಸಮುದ್ರ ಇಲ್ಲೇ ಇದೆ. ನೋಡ್ಕೊಂಡಾದ್ರೂ ಹೋಗೋಣ" ಅಂದೆ.

"ಇದು ಈಗ ಲೆಕ್ಕಕ್ಕಿಲ್ಲ. ಹತ್ತು."

ಅಕ್ಕಾ, ನಿಜ ಹೇಳುತ್ತೇನೆ, ನನ್ನ ಕಾಲು ಎದ್ದಿತ್ತು. ಹತ್ತು ಎಂದರೆ ಹತ್ತುವುದು ಕಾಲಿಗೆ ರೂಢಿಯಾಗಿಬಿಟ್ಟಿದೆ. ಪೆಡಲಿನ ಮೇಲೆ ಇಡುವಷ್ಟರಲ್ಲಿ ಮಂಡಿ ಚುಳ್ ಎಂದಿತು, ಕೆಳಗಿಟ್ಟೆ. ಕೆಳಗಿಟ್ಟ ಮೇಲೆ ಮತ್ತೆ ಎತ್ತುವ ಮನಸ್ಸಾಗಲಿಲ್ಲ.

"ನಾನು ಬರಲ್ಲ" ಅಂದೆ. "ನಾನು ಹಾಲು ಬಿಟ್ಟದ್ದು ಬೋರ್ಡಿಗೋಸ್ಕರ ಅಲ್ಲ. ಆ ಹಸು ಗೇಟು ನೋಡ್ತಾ ನಿಂತಿತ್ತಲ್ಲ, ಅದನ್ನ ನೋಡಿದ್ದು ನಾನು. ನೀವಲ್ಲ."

ಅವರು, "ಸಣ್ಣ ವಿಷಯಕ್ಕೆ ಹಟ ಮಾಡಬೇಡ" ಅಂದರು. ಕಾದರು. ಗಂಟೆ ಒಂದು ಸಲ ಬಾರಿಸಿದರು. ಆಮೇಲೆ ನನ್ನ ಚೀಲ ಬಿಚ್ಚಿ ರಸ್ತೆಬದಿಗಿಟ್ಟು, ಒಬ್ಬರೇ ಹೊರಟರು. ನಾನು ನೋಡುತ್ತ ನಿಂತೆ. ಹಿಂದಿನ ಸೀಟು ಖಾಲಿ. ಆದರೆ ಹಿಂದಿನ ಪೆಡಲುಗಳು ತಮ್ಮಷ್ಟಕ್ಕೆ ತಿರುಗುತ್ತಲೇ ಇದ್ದವು, ನಾನಿದ್ದಾಗ ಹೇಗೆ ತಿರುಗುತ್ತಿದ್ದವೋ ಹಾಗೆಯೇ. ಅದನ್ನು ನೋಡಿ ಎಂಥ ಭಯವಾಯಿತೆಂದರೆ, ಓಡಿಹೋಗಿ ಹತ್ತಿಬಿಡಲೇ ಎಂದೂ ಒಂದು ಕ್ಷಣ ಅನ್ನಿಸಿತು. ಕಣ್ಮರೆಯಾಗುವ ತನಕ ನಿಂತೇ ಇದ್ದೆ.

ಆಮೇಲೆ ನಡೆದೆ. ಸಂಜೆಯ ಹೊತ್ತಿಗೆ ಸಮುದ್ರ ಸಿಕ್ಕಿತು. ನೀನು ಹೊಸ ಟ್ರೇಯಲ್ಲಿ ಮಾಡಿದ ಬಿಸ್ಕತ್ತನ್ನು ಮರಳಿನ ಮೇಲೆ ಕೂತು ತಿಂದೆ. ನಿನಗೆ ಬೇಜಾರಾಗಬಾರದು, ಅಷ್ಟೇನೂ ಚೆನ್ನಾಗಿರಲಿಲ್ಲ. ಆದರೂ ನಾಲ್ಕು ತಿಂದೆ.

ನಿನ್ನ
ಕಡ್ಡಿ

ಅಕ್ಟೋಬರ್ 29

ನನ್ನ ಕಡ್ಡೀ,

ನಿನ್ನ ಕಾಗದವನ್ನು ಅಂಗಡಿಯ ಬಾಗಿಲು ಎಳೆದು, ಗಿರಾಕಿಗಳನ್ನು ಹೊರಗೇ ನಿಲ್ಲಿಸಿ ಓದಿದೆ. ಅಮ್ಮ ಎರಡು ಸಲ ಓದಿಸಿಕೊಂಡಳು. ಊಟ ಮಾಡಿದಳು.

ನಿನ್ನ ಕ್ಯಾಪ್ಟನ್ ಇಲ್ಲಿಗೂ ಒಂದು ಕಾಗದ ಹಾಕಿದ್ದಾರೆ. ಬೇಕರಿಯ ಟ್ರೇ ಎಲ್ಲ ಬದಲಿಸಿದ್ದೇವೆಂದು ಸಹಿ ಮಾಡಿ ಕಳಿಸಬೇಕಂತೆ, ಹೊಸ ಪ್ರವಾಸಕ್ಕೆ ಬಿಸ್ಕತ್ತು ಬೇಕಂತೆ. ಹೆಂಡತಿ ಎಲ್ಲಿದ್ದಾಳೆ, ಊಟ ಮಾಡಿದಳೇ ಎಂದು ಒಂದು ಅಕ್ಷರವಿಲ್ಲ. ಆ ಕಾಗದ ಭಟ್ಟಿಗೆ ಹೋಯಿತು, ಚೆನ್ನಾಗಿ ಉರಿಯಿತು.

ನಿನ್ನ ಟ್ರೇಯ ಹಿಡಿಗೆ ಕೆಂಪು ದಾರ ಕಟ್ಟಿದ್ದೇನೆ. ಅಮ್ಮ ಬೆಳಿಗ್ಗೆ ಸಾಲಾಗಿ ಬೆಣ್ಣೆ ಸವರುತ್ತ ಬಂದು, ದಾರ ಕೈಗೆ ತಗುಲಿದ ಕೂಡಲೇ ನಿಲ್ಲುತ್ತಾಳೆ. ಕೈಯನ್ನು ಸೆರಗಿಗೆ ಒರೆಸಿಕೊಂಡು ಎಣ್ಣೆಯ ಬಟ್ಟಲು ತಡಕುತ್ತಾಳೆ. "ನನ್ನ ಮಗಳು ಬರ್ತಾಳೆ, ಅವಳಿಗಿದು" ಎಂದು ಗಿರಾಕಿಗಳಿಗೆಲ್ಲ ಹೇಳುತ್ತಾಳೆ. ಯಾವಾಗ ಬರುತ್ತೀಯ? ಬಸ್ಸಿಗೆ ದುಡ್ಡು ಕಳಿಸಲೇ?

ನಿನ್ನ ಅಕ್ಕ

ನವೆಂಬರ್ 12

ಅಕ್ಕಾ,

ಬಸ್ಸು ಬೇಡ. ಇಲ್ಲೊಂದು ವಸತಿಗೃಹದಲ್ಲಿ ಹಾಸಿಗೆಯ ಬಟ್ಟೆ ಒಗೆಯುವ ಕೆಲಸ ಮಾಡುತ್ತಿದ್ದೆ. ಆ ದುಡ್ಡಿನಲ್ಲಿ ಒಂದು ಹಳೆ ಸೈಕಲ್ ಕೊಂಡೆ, ಒಂದೇ ಸೀಟಿನದು. ಒಂದು ಬಾಚಣಿಗೆಯನ್ನೂ ಕೊಂಡೆ, ಪೂರ್ತಿಯದು. ಮಂಡಿ ನೋವಾದಾಗ ನಿಲ್ಲುತ್ತ, ಹಸಿವಾದಾಗ ತಿನ್ನುತ್ತ ಮನೆಗೆ ಬರುತ್ತೇನೆ. ಆ ಲಾರಿ ಹೋಟೆಲು ದಾರಿಯಲ್ಲೇ ಸಿಗುತ್ತದೆ. "ಬೆಣ್ಣೆ ಬೇಡ, ಕಾಳು ಹೆಚ್ಚಿಗೆ ಹಾಕಮ್ಮ, ನಂಗೆ ಹಸಿವಾಗಿದೆ" ಎಂದು ಅವಳ ಹತ್ತಿರ ಕೂತು ಉಣ್ಣಬೇಕು.

ನೀನು ನಗುತ್ತೀಯೆಂದು ಗೊತ್ತು, ಆದರೂ ಹೇಳುತ್ತೇನೆ. ಮೊದಲ ದಿನ ಮೂರು ಸಲ ಬಿದ್ದೆ. ಬ್ರೆಡ್ಡಿನ ಟ್ರೇ ಹೊತ್ತು ಸೈಕಲ್ ಹೊಡೆದವಳು, ನೇರ ರಸ್ತೆಯಲ್ಲಿ! ಕೈಗಳು ಹ್ಯಾಂಡಲನ್ನು ಬಿಗಿಯಾಗಿ ಹಿಡಿದುಕೊಂಡು ಕೂತುಬಿಡುತ್ತಿದ್ದವು, ತಿರುಗಿಸಬೇಕೆಂಬುದೇ ಅವಕ್ಕೆ ಮರೆತುಹೋಗಿತ್ತು. ರಿಪೇರಿ ಅಂಗಡಿಯ ಮುದುಕ, "ಕಂಬ ಹಿಡ್ದಂಗೆ ಹಿಡೀಬೇಡಮ್ಮ, ಅದು ನೀನು ಹೇಳ್ದಂಗೆ ಕೇಳುತ್ತೆ" ಎಂದು ಕೂಗಿದ.

ಇವತ್ತು ಬೆಳಿಗ್ಗೆ ಸಮುದ್ರದ ಪಕ್ಕದ ರಸ್ತೆಯ ಕೊನೆಗೆ ಬಂದೆ. ಅಲ್ಲಿಂದ ಎಡಕ್ಕೆ ಇಲ್ಲಿಯ ಪೇಟೆ, ಬಲಕ್ಕೆ ನಮ್ಮ ಮನೆಯ ದಾರಿ. ಎದುರಿಗೆ ಯಾರ ಬೆನ್ನೂ ಇರಲಿಲ್ಲ. ಉಸಿರು ಹಿಡಿದು ಬಲಕ್ಕೆ ತಿರುಗಿಸಿದೆ, ಅಕ್ಕಾ.

ತಿರುಗಿತು.

ನಿನ್ನ
ಕಡ್ಡಿ